ಮೇಲ್ಮನೆ ಚಾವಡಿಯ ಗೊಡ್ಡು ತೆಂಗು

ನನ್ನ ಸೋದರಮಾವ ಗುರುವ ಪೂಜಾರಿಯವರಿಗೆ ಊರಲ್ಲಿ ಬಹುವಚನ ಕೊಟ್ಟವರು ಕಡಿಮೆ. ಯಡ್ತರೆಯ ಒಡೆಯರ ಮನೆಯಾದ ಮೇಲ್ಮನೆಯ ಚಿಳ್ಳೆಪಿಳ್ಳೆಗಳೂ ‘ಗುರುವ ಬಾ, ಗುರುವ ಹೋಗು’ ಎಂದೇ ಕರೆಯುತ್ತಿದ್ದವು. ಅದಕ್ಕೇ ಇಲ್ಲಿ ನಾನು ಮಾವನನ್ನು ‘ಅವರು’ ಅನ್ನುತ್ತೇನೆ, ಮೇಲ್ಮನೆಯವರನ್ನು ‘ಅವನು’, ‘ಅವಳು’ ಅನ್ನುತ್ತೇನೆ. ಇದು ಸರಿಯಲ್ಲ ಅನ್ನಿಸಿದವರು ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ಮಾವನದು ಮೂರ್ತೆ ಕೆಲಸ. ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಬೆಳಗಾದರೆ ಸೊಂಟಕ್ಕೆ ಕತ್ತಿ, ಕಾಲಿಗೆ ಬಳ್ಳಿಯ ತಳೆ, ಬೆನ್ನಿಗೆ ಸೋರೆ ಬುರುಡೆ. ಮೇಲ್ಮನೆಯ ಗದ್ದೆಯಂಚಿನ ತೆಂಗು, ಗುಡ್ಡದ ಬದಿಯ ಬೈನೆ, ಎಲ್ಲದರ ಹೊಂಬಾಳೆಯೂ ಅವರ ಕೈಗೆ ಪರಿಚಯ. ಹೊಂಬಾಳೆಯನ್ನು ಕಟ್ಟಿ, ಮೆಲ್ಲಗೆ ಬಡಿದು, ತುದಿ ಕೊರೆದು ಬುರುಡೆ ಸಿಕ್ಕಿಸಿ ಇಳಿದರೆ ಮೈಯಲ್ಲಿ ಒಂದು ಗೀರೂ ಇರುತ್ತಿರಲಿಲ್ಲ. ಇಷ್ಟೆಲ್ಲ ಇಳಿಸಿದ ಮನುಷ್ಯ ಒಂದು ಗುಟುಕು ಕುಡಿದವರಲ್ಲ. ಕೇಳಿದರೆ, ವಾಸನೆಯಲ್ಲೇ ಹೊಟ್ಟೆ ತುಂಬಿದೆ ಅನ್ನುತ್ತಿದ್ದರು.

ನಾವು ಇದ್ದ ಮನೆಯ ಅಡಿ, ಅಂದರೆ ಮನೆ ನಿಂತ ನೆಲ, ಮೇಲ್ಮನೆಯದು. ನಮ್ಮ ಅಜ್ಜನ ಕಾಲದಲ್ಲಿ, ಮೂರ್ತೆ ಮಾಡುವವನು ಮರದ ಹತ್ತಿರ ಇರಲಿ ಎಂದು ಕೊಟ್ಟ ಜಾಗ. ಕೊಟ್ಟದ್ದು ಬಾಯಿ ಮಾತಲ್ಲಿ, ಬಿಡಿಸುವುದೂ ಬಾಯಿ ಮಾತಲ್ಲೇ. ನಮ್ಮದು ಅಳಿಯಕಟ್ಟು. ಮನೆ ಅಂದರೆ ಹೆಂಗಸರದ್ದು, ತಾಯಿಯಿಂದ ಮಗಳಿಗೆ ಇಳಿದು ಬರುವಂಥದ್ದು. ಸೋದರಮಾವ ಅದರ ಯಜಮಾನ, ಅಂದರೆ ಕಾವಲುಗಾರ. ಮಾವನ ಹೆಂಡತಿ ಸುಗುಣತ್ತೆ ಬೈಂದೂರಿನ ಆಚೆ ಬದಿಯಲ್ಲಿ ತನ್ನ ತಾಯಿಮನೆಯಲ್ಲೇ ಇದ್ದಳು. ಮಾವ ಅಲ್ಲಿಗೆ ನೆಂಟರ ಹಾಗೆ ಹೋಗಿ ಬರುತ್ತಿದ್ದರು. ನನ್ನ ಗಂಡ ಪಾಂಡು ಬೊಂಬಾಯಿಯ ಹೋಟೆಲಲ್ಲಿ ತಟ್ಟೆ ತೊಳೆಯುತ್ತಿದ್ದ. ಹಾಗಾಗಿ ಮನೆ ಅಂದರೆ ನನ್ನ ಅಮ್ಮ ಅಮ್ಮಣಿ, ನಾನು, ನನ್ನ ಮಕ್ಕಳು. ನಮ್ಮ ತಲೆಯ ಮೇಲಿನ ಸೂರು ಉಳಿಸುವುದೊಂದೇ ಮಾವನ ಜೀವನದ ಕೆಲಸ. ಅವರ ತಂಗಿ, ತಂಗಿಯ ಮಗಳು ಬೇರೆಯವರ ಜಗಲಿ ಹತ್ತಬಾರದು, ಅಷ್ಟೇ.

ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮ ಕಡೆಗೂ ಪಾನನಿರೋಧ ಬಂತು. ಬಂದದ್ದು ಒಳ್ಳೆಯದೇ ಇರಬಹುದು. ಕುಡಿದು ಬಂದು ಹೆಂಡತಿಯ ಬೆನ್ನು ಮುರಿಯುವವರು ನಮ್ಮ ಕೇರಿಯಲ್ಲೂ ಇದ್ದರು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಕುಡಿಯುವವನಿಗೆ ಚಟ ಮಾತ್ರ ತಪ್ಪಿತು, ಇಳಿಸುವವನಿಗೆ ಅನ್ನವೇ ತಪ್ಪಿತು. ಕತ್ತಿ, ಬುರುಡೆ ಎರಡೂ ಮನೆಯ ಸೂರಿನ ಅಡಿಯಲ್ಲಿ ತೂಗಿಕೊಂಡವು. ಅದರ ಬೆನ್ನಿಗೇ ಮೇಲ್ಮನೆಯ ಆಳು ಗಣಪ ಬೇಲಿಯ ಹೊರಗೆ ನಿಂತು ಒಂದು ಮಾತು ಎಸೆದು ಹೋದ.

‘ಹ್ವಾಯ್ ಅಮ್ಮಣಿ, ಮೂರ್ತೆ ಇಲ್ದಿರ್ ಮೇಲೆ ಮೂರ್ತೆಯವ್ರ್ ಅಡಿ ಎಂತಕೆ ಅಂದ್ ಒಡೇರ್ ಮನಿಯಗೆ ಮಾತ್ ಆತಿತ್ ಗಡ.’

ಅಮ್ಮ ಅಂದು ಅನ್ನ ಬಾಯಿಗೆ ಹಾಕಲಿಲ್ಲ. ಮಾವ ಮಾತ್ರ ಕಟ್ಟೆಯ ಮೇಲೆ ಕೂತು, ತೆಂಗಿನ ಮರಗಳ ತಲೆಯನ್ನು ನೋಡುತ್ತಾ ಇದ್ದರು.

ಅದೇ ಸುಮಾರಿಗೆ ಮೇಲ್ಮನೆಗೆ ಆ ಗಿಡಗಳು ಬಂದವು. ತಂದವನು ಗುಣಪಾಲ ಶೆಟ್ಟಿ. ಇವನು ಬ್ರಹ್ಮಾವರದ ಕಡೆಯವನು, ಮೇಲ್ಮನೆಯ ಗುಲಾಬಿಯ ಗಂಡ. ಅವರದ್ದೂ ನಮ್ಮ ಹಾಗೆ ಅಳಿಯಕಟ್ಟೇ. ಮನೆಯ ನಿಜವಾದ ಯಜಮಾನ ಗುಲಾಬಿಯ ಅಣ್ಣ ಭೋಜರಾಜ ಶೆಟ್ಟಿ. ಅವನು ಬೊಂಬಾಯಿಯಲ್ಲಿ ಹೋಟೆಲು ಇಟ್ಟುಕೊಂಡು ಅಲ್ಲೇ ಇದ್ದ. ಊರಲ್ಲಿ ಬಾವನೇ ಆರಾಮ ಕುರ್ಚಿಯಲ್ಲಿ ಕೂತು ಒಡೆಯನ ಹಾಗೆ ಕೆಮ್ಮುತ್ತಿದ್ದ. ಕುಂದಾಪುರಕ್ಕೆ ಯಾವುದೋ ಕೆಲಸಕ್ಕೆ ಹೋದವನು, ಬಿಳಿ ದೊರೆ ಬಿಟ್ಟು ಹೋದ ಬಂಗಲೆಯ ಸಾಮಾನು ಏಲಂ ಆಗುವುದನ್ನು ನೋಡಿ, ನಾಲ್ಕು ದೊಡ್ಡ ಚಟ್ಟಿ ಪಾಮ್ ಗಿಡ ಹಿಡಿದುಕೊಂಡು ಬಂದ. ಎತ್ತಿನ ಗಾಡಿ, ಹೊಳೆಗೆ ದೋಣಿ, ಮತ್ತೆ ಗಾಡಿ. ಬರುವಷ್ಟರಲ್ಲಿ ಗಿಡಗಳ ತುದಿಯೆಲ್ಲ ಬಿಸಿಲಿಗೆ ಸುಟ್ಟು ಕಂದು ಹೋಗಿತ್ತು.

ಊರಿಗೆ ಊರೇ ನೋಡಲು ಹೋಯಿತು, ನಾನೂ ಹೋದೆ. ಕರಾವಳಿಯಲ್ಲಿ ಕಲ್ಲು ಎಸೆದರೆ ತೆಂಗಿಗೆ ತಾಗುತ್ತದೆ, ಅಡಿಕೆಗೆ ತಾಗುತ್ತದೆ, ಇಲ್ಲದಿದ್ದರೆ ಈಚಲಿಗೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಈ ಮನುಷ್ಯ ಹಿತ್ತಲು ತುಂಬ ತಾಳೆಯ ಜಾತಿ ಇಟ್ಟುಕೊಂಡು, ಅದೇ ಜಾತಿಯ ಮೊಣಕಾಲೆತ್ತರದ ಮಕ್ಕಳನ್ನು ದುಡ್ಡು ಕೊಟ್ಟು ತಂದು ಚಾವಡಿಯ ಒಳಗೆ, ಮಾಡಿನ ಅಡಿ ಕೂರಿಸಿದ್ದ! ಕಾಯಿ ಬಿಡುವುದಿಲ್ಲ, ಸೋಗೆಯನ್ನು ಮಾಡಿಗೆ ಹೊದಿಸಲಾಗುವುದಿಲ್ಲ, ನಾರು ಹಗ್ಗಕ್ಕೆ ಬರುವುದಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಯಾರೋ ‘ಗೊಡ್ಡು ತೆಂಗು’ ಅಂದರು, ಹೆಸರು ಅಂಟಿಕೊಂಡಿತು. ಮೂರು ಗಿಡ ನಮಗೆ ಗೊತ್ತಿಲ್ಲದ ಜಾತಿ, ಗರಿ ಗರಿಯಾಗಿ ಬೀಸಣಿಗೆಯ ಹಾಗೆ ಬಾಗಿದವು. ನಾಲ್ಕನೆಯದನ್ನು ನೋಡಿ ಮಾವ ನಕ್ಕುಬಿಟ್ಟರು. ಅದು ಹಾಲಾಡಿ ಕಡೆಯ ಕಾಡಿನಲ್ಲಿ ಕೇಳುವವರಿಲ್ಲದೆ ಬೆಳೆಯುವ ಬೈನೆಯ ಮರಿ.

ಗುಣಪಾಲ ಶೆಟ್ಟಿ ನಗಲಿಲ್ಲ. ಅವನಿಗೆ ಅದು ಆಟದ ವಿಷಯ ಆಗಿರಲಿಲ್ಲ. ಮಗಳು ಪ್ರಫುಲ್ಲಾ ಮದುವೆಯ ವಯಸ್ಸಿಗೆ ಬಂದಿದ್ದಳು. ಬರುವ ಸಂಬಂಧಗಳೆಲ್ಲ ಬೊಂಬಾಯಿಯವು, ದೊಡ್ಡ ಹೋಟೆಲಿನವು. ಚಾವಡಿ ನೋಡಿದ ಕೂಡಲೇ ಇದು ಹಳ್ಳಿಮನೆಯಲ್ಲ ಎಂದು ಅವರಿಗೆ ಅನ್ನಿಸಬೇಕಿತ್ತು. ಬಂಗಲೆಯಲ್ಲಿ ದೊರೆಯ ಕುರ್ಚಿಯ ಪಕ್ಕದಲ್ಲಿ ಈ ಗಿಡ ನಿಂತದ್ದನ್ನು ಅವನು ಕಂಡಿದ್ದನಂತೆ. ಕುರ್ಚಿಯಲ್ಲಿ ಕೂರುವುದು ಸುಲಭ, ಗಿಡ ಬದುಕಿಸುವುದು ಕಷ್ಟ. ಆಳುಗಳ ಪೈಕಿ ತಾಳೆಯ ಜಾತಿಯ ಜೊತೆ ಬಾಳಿದವರು ಅಂದರೆ ಮಾವ ಒಬ್ಬರೇ. ಕರೆಸಿ ಅಂಗಳದಲ್ಲಿ ನಿಲ್ಲಿಸಿ ಹೇಳಿದ.

‘ಗುರುವ, ಈ ಗಿಡ ನೀನ್ ಬದ್ಕ್ಸಿ ಕೊಡ್ಕ್. ನಮ್ ಪ್ರಫುಲ್ಲನ ಮದಿ ದಿನ ಇದ್ ಹಸ್ರಾಯಿ ನಿಂತಿದ್ರೆ, ನಿನ್ ಮನಿ ಅಡಿ ನಿಮ್ಗೇ ಮೂಲ್ಗೇಣಿಗ್ ಬರ್ಸಿ ಕೊಡ್ತೆ. ಮತ್ತ್ ಯಾರೂ ನಿಮ್ಮನ್ ಎಬ್ಸುಕಾಗ.’

ಮೂಲಗೇಣಿ ಅಂದರೆ ತಲೆಮಾರಿಗೂ ಅಲ್ಲಾಡದ ಗೇಣಿ. ಮಾವ ಮನೆಗೆ ಬಂದದ್ದು ನಡೆದು ಬಂದದ್ದಲ್ಲ, ಹಾರಿ ಬಂದದ್ದು. ಅಮ್ಮ ಮಾತ್ರ ಮೀನು ಕೊಯ್ಯುತ್ತಿದ್ದ ಕತ್ತಿಯನ್ನು ಕೆಳಗಿಟ್ಟು ಅಣ್ಣನ ಮುಖ ನೋಡಿದಳು.

‘ಅಣ್ಣಯ್ಯ, ಅವ್ರ್ ಬಾವ್ನೋರ್. ಹೆಂಡ್ತಿ ಮನಿಯಗ್ ಉಂಬುಕ್ ಬಂದವ್ರ್. ಅಡಿ ಬರ್ಸಿ ಕೊಡುಕೆ ಅವ್ರ್ ಯಾರ್? ನೀನ್ ಸುಗುಣತ್ಗಿ ಮನಿಯಗೆ ಒಂದ್ ತೆಂಗಿನ್ಕಾಯಿ ಕೇಣ್ದೆ ಕೊಯ್ತ್ಯಾ?’

‘ದೊಡ್ಡೋರ್ ಬಾಯಗೆ ಬಂದ್ ಮಾತ್. ಹಾಂಗೆಲ್ಲ ಹೋತಿಲ್ಲೆ’ ಅಂದರು ಮಾವ.

ಇದೇ ಅವರು ಮಾಡಿದ ತಪ್ಪು. ಅಳಿಯಕಟ್ಟಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ವಿಷಯವನ್ನು, ಸ್ವತಃ ಹೆಂಡತಿಮನೆಯಲ್ಲಿ ಮೂಲೆಯ ಮಣೆಗೆ ಕೂರುವ ನನ್ನ ಮಾವ ಮರೆತರು. ಮರೆತರು ಅನ್ನುವುದಕ್ಕಿಂತ, ಬೇಕೆಂದೇ ನೆನಪು ಮಾಡಿಕೊಳ್ಳಲಿಲ್ಲ. ಬೇರೆ ದಾರಿ ಇಲ್ಲದವನಿಗೆ ಮುಳ್ಳಿನ ಬೇಲಿಯೂ ಬಾಗಿಲಾಗಿ ಕಾಣುತ್ತದೆ.

ಕೆಲಸ ಶುರುವಾಯಿತು. ಮೊದಲು ಮಾವ ಆ ಗಿಡಗಳನ್ನು ತೆಂಗಿನ ಹಾಗೆಯೇ ಸಾಕಿದರು. ನಮ್ಮಲ್ಲಿ ತೆಂಗಿನ ಬುಡಕ್ಕೆ ಉಪ್ಪು, ಬೂದಿ, ಮೀನಿನ ಗೊಬ್ಬರ ಹಾಕುವುದು ರೂಢಿ. ಮಾವನೂ ಪ್ರೀತಿಯಿಂದ ನಾಲ್ಕೂ ಚಟ್ಟಿಗೆ ಹಿಡಿ ಹಿಡಿ ಹಾಕಿದರು. ಮೇಲ್ಮನೆಯ ಚಾವಡಿ ಬೂತಾಯಿ ಮೀನಿನ ನಾತ ಹೊಡೆಯತೊಡಗಿತು. ಬೆಳಗಾಗುವುದರೊಳಗೆ ಊರ ಬೆಕ್ಕುಗಳೆಲ್ಲ ಸೇರಿ ಚಟ್ಟಿಗಳನ್ನು ಕೆದಕಿ, ಕೆಂಪು ಮಣ್ಣನ್ನು ನೆಲದ ತುಂಬ ಬಳಿದಿದ್ದವು. ಗುಲಾಬಿ ಸೆಗಣಿ ನೀರು ಹೊಯ್ಯಿಸಿ ನೆಲ ಸಾರಿಸಿ, ಮಾವನ ಅಪ್ಪ ಅಜ್ಜನವರೆಗೆ ಬೈದಳು. ಅದರ ಮೇಲೆ, ಉಪ್ಪು ತಿಂದ ಒಂದು ಗಿಡ ಒಣಗಿ ಹೋಯಿತು. ತೆಂಗಿಗೆ ಗದ್ದೆಯಗಲ ನೆಲವಿದೆ, ಮಳೆ ಬಂದು ತೊಳೆಯುತ್ತದೆ. ಚಟ್ಟಿಯೊಳಗಿನ ಉಪ್ಪು ಎಲ್ಲಿಗೆ ಹೋಗಬೇಕು? ಸತ್ತ ಗಿಡವನ್ನು ಮಾವ ಮನೆಗೆ ಹೊತ್ತು ತಂದು, ಬುಡ ಬಿಡಿಸಿ, ಬೇರನ್ನು ಒಂದೊಂದಾಗಿ ಹಿಡಿದು ನೋಡುತ್ತಾ ಕೂತರು. ನನಗೆ ಅದನ್ನು ನೋಡಿ ಹೆದರಿಕೆಯಾಯಿತು. ಅದು ಸತ್ತದ್ದಕ್ಕಲ್ಲ, ಇನ್ನು ಮೂರೇ ಉಳಿದವಲ್ಲ ಎಂದು.

ಆಮೇಲೆ ಅವರು ಕಲಿತರು. ಹೇಳಿಕೊಡಲು ಯಾರಿದ್ದರು? ಗಿಡವನ್ನೇ ನೋಡಿ ಕಲಿತರು. ಗುಡ್ಡದ ಕೆಂಪು ಮಣ್ಣು, ಹೊಳೆಯ ಮರಳು, ಮರದಡಿಯ ಕೊಳೆತ ದರಗೆಲೆ ಬೆರೆಸಿ ಹೊಸದಾಗಿ ತುಂಬಿದರು. ಚಟ್ಟಿಯ ಅಡಿಗೆ ಒಡೆದ ಹೆಂಚಿನ ಚೂರು ಇಟ್ಟರು. ಮೇಲ್ಮನೆಯ ಬಾವಿ ನೀರು ಬೇಸಗೆಯಲ್ಲಿ ಸ್ವಲ್ಪ ಉಪ್ಪಾಗುತ್ತಿತ್ತು, ಅದು ಬೇಡ ಎಂದು ಗುಡ್ಡದ ಬುಡದ ಒರತೆಯಿಂದ ಹೊತ್ತು ತಂದರು. ಗಿಡ ಬಾಗಿಲ ಬೆಳಕಿನ ಕಡೆಗೇ ಕುತ್ತಿಗೆ ಚಾಚುತ್ತಿತ್ತು, ಅದಕ್ಕೆ ಆಗಾಗ ಚಟ್ಟಿ ತಿರುಗಿಸಿ ಇಟ್ಟರು. ಅಡುಗೆಮನೆಯ ಹೊಗೆ ಗರಿಯ ಮೇಲೆ ಕೂತರೆ ಅಕ್ಕಿ ತೊಳೆದ ನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಗರಿ ಒರೆಸಿದರು. ಬಿಳಿ ಹೇನು ಬಿದ್ದಾಗ ಅಂಟುವಾಳದ ನೊರೆ ಹಚ್ಚಿದರು. ನನ್ನ ಮಕ್ಕಳಿಗೆ ಸಿಡುಬು ಆದಾಗಲೂ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ, ನಿಜ ಹೇಳುತ್ತೇನೆ. ಮನೆಗೆ ಬಂದರೆ ಊಟಕ್ಕೆ ಕೂತಲ್ಲೂ ಅದೇ ಮಾತು. ಹೊಸ ಸುಳಿ ಬಂತು, ಸುಳಿ ಬಿಚ್ಚಿತು, ಬೈನೆ ಮರಿ ಮಂಡೆ ಎತ್ತಿತು.

ಚಾವಡಿಯೊಳಗೆ ಮಾವನಿಗೆ ಕಾಲಿಡಲು ಸಿಕ್ಕಿದ್ದೂ ಈ ಗಿಡಗಳಿಂದಲೇ. ಅಲ್ಲಿಯವರೆಗೆ ನಮ್ಮವರು ಅಂಗಳದಿಂದ ಆಚೆ ಹೋದದ್ದಿಲ್ಲ. ಅದಕ್ಕೂ ಗುಲಾಬಿ ಕಟ್ಟು ಹಾಕಿದ್ದಳು.

‘ಬದಿ ಬಾಗ್ಲಗ್ ಬಾ. ಕಾಲ್ ತೊಳ್ಕೊ. ಗಿಡದ್ ಹತ್ರ ಎಷ್ಟ್ ಬೇಕೋ ಅಷ್ಟೇ, ಆಚಿ ಈಚಿ ಕಾಲ್ ಹಾಕ್ಬೇಡ.’

ಒಂದು ದಿನ ಮಾವನಿಗೆ ಗಂಜಿ ಕೊಡಲು ಹೋದ ನಾನು ಬಾಗಿಲ ಸಂದಿಯಿಂದ ನೋಡಿದೆ. ಎಪ್ಪತ್ತು ಅಡಿ ಎತ್ತರದಲ್ಲಿ ಗಾಳಿಗೆ ತೂಗುತ್ತಾ ಹಾಡು ಹೇಳುತ್ತಿದ್ದ ಮನುಷ್ಯ, ಸೊಂಟದೆತ್ತರದ ಗಿಡದ ಎದುರು ಎರಡಾಗಿ ಬಗ್ಗಿ, ಉಸಿರೂ ಕೇಳಿಸಬಾರದೆಂಬಂತೆ ಗರಿ ಒರೆಸುತ್ತಿದ್ದರು. ನನ್ನನ್ನು ಕಂಡು ಬೈನೆ ಮರಿಯ ತಲೆ ಸವರಿ, ‘ಇವ್ನನ್ ಹತ್ತುಕೆ ನಾನ್ ಇನ್ನೊಂದ್ ಸಲ ಹುಟ್ಟಿ ಬರ್ಕ್ ಕಾಣ್ ತುಂಗಾ’ ಅಂದು ನಕ್ಕರು. ನನಗೆ ನಗು ಬರಲಿಲ್ಲ. ಅವತ್ತು ಮನೆಗೆ ಬಂದು ಅಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಪ್ರಫುಲ್ಲನ ಮದುವೆ ಮರುವರ್ಷದ ಬೇಸಗೆಯಲ್ಲಿ ಕೂಡಿ ಬಂತು. ವರ ಬೊಂಬಾಯಿ ಹೋಟೆಲಿನ ಮನೆಯವನೇ. ಅಂಗಳದ ತುಂಬ ಚಪ್ಪರ. ಭೋಜರಾಜ ಶೆಟ್ಟಿ ವಾರದ ಮೊದಲೇ ಬಂದು ಇಳಿದ. ಗಿಡಗಳು ಅಷ್ಟು ಹೊತ್ತಿಗೆ ಎದೆಯೆತ್ತರಕ್ಕೆ ಬಂದಿದ್ದವು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಮಂಟಪದ ಎರಡು ಬದಿಗೆ ಎರಡು, ಚಾವಡಿಯ ಬಾಗಿಲಲ್ಲಿ ಬೈನೆ. ಬೀಗರು ಒಳಗೆ ಬರುವಾಗಲೇ ನಿಂತು ನೋಡಿದರು. ಬೊಂಬಾಯಿಯಲ್ಲೂ ಇಷ್ಟು ಚೆಂದ ಬೆಳೆದದ್ದು ನೋಡಿಲ್ಲ ಅಂದನಂತೆ ವರನ ಅಪ್ಪ. ಗುಣಪಾಲ ಶೆಟ್ಟಿಯ ಎದೆ ಅಂಗಿಯ ಗುಂಡಿ ಕಿತ್ತು ಬರುವಷ್ಟು ಉಬ್ಬಿತ್ತು. ಅಂದು ಮಾವನಿಗೆ ಒಳಗೆ ಹೋಗಲು ಬಿಡಲಿಲ್ಲ. ನೆಂಟರಿದ್ದಾರೆ, ಅಂಗಳದಲ್ಲೇ ಇರು ಅಂದರು. ಮಾವ ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಸುತ್ತಲಿನ ಮಾಗಣೆಯ ಜನರೆಲ್ಲ ಗಿಡ ನೋಡುವುದನ್ನು ದೂರದಿಂದ ನೋಡುತ್ತಾ, ಪಂಕ್ತಿಯ ಕೊನೆಯಲ್ಲಿ ಕೊಟ್ಟ ಮಜ್ಜಿಗೆ ಕುಡಿಯುತ್ತಾ ನಿಂತಿದ್ದರು.

ಊಟ ಮುಗಿದ ಮೇಲೆ ಒಕ್ಕಲಿನವರಿಗೆ, ಕೆಲಸದವರಿಗೆ ಉಡುಗೊರೆ ಕೊಡುವ ಕ್ರಮ. ಮನೆಯವರು ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ಅಗಸ, ಕ್ಷೌರಿಕ, ಕುಂಬಾರ, ಬಡಗಿ, ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಹೋಗಬೇಕು, ಎರಡೂ ಕೈ ಚಾಚಿ ಬಟ್ಟೆ, ವೀಳ್ಯ ತೆಗೆದುಕೊಂಡು ತಲೆ ಬಗ್ಗಿಸಿ ಬರಬೇಕು. ಮಾತಾಡುವ ಜಾಗವೇ ಅಲ್ಲ ಅದು. ‘ಗುರುವ’ ಎಂದು ಕೂಗಿದರು. ಮಾವ ಹೋದರು. ಗುಣಪಾಲ ಶೆಟ್ಟಿ ಪಂಚೆ ಚಾಚಿದ. ಪಕ್ಕದಲ್ಲಿ ಭೋಜರಾಜ, ಆಚೆ ಬೀಗರು. ಮಾವ ಕೈ ಚಾಚಲಿಲ್ಲ. ಹೆಂಗಸರ ನಡುವೆ ನಿಂತಿದ್ದ ನಾನು ಮುಂದಿನ ಸಾಲಿಗೆ ಸರಿದೆ.

‘ಒಡೇರೆ, ಪಂಚಿ ಬ್ಯಾಡ. ಗಿಡ ಹಸ್ರಾಯೇ ಇತ್ತ್, ಎಲ್ಲರೂ ಕಂಡ್ರ್. ನೀವ್ ಅಂದ್ ಮಾತ್ ಇತ್ತಲೆ, ನಮ್ಮನಿ ಅಡಿ ಬರ್ಸಿ ಕೊಡ್ತೆ ಅಂದ್. ಒಳ್ಳೆ ದಿನ, ಇವತ್ತೇ ಎಲ್ಲರ ಎದ್ರಗೆ ಒಂದ್ ಮಾತ್ ಹೇಳಿ ಬಿಡಿ.’

ಎಲ್ಲರ ಎದುರು ಕೇಳಿದರೆ ಮಾತು ತಪ್ಪಲಾರರು ಎಂದು ಮಾವ ಲೆಕ್ಕ ಹಾಕಿದ್ದರು. ಭೋಜರಾಜ ಶೆಟ್ಟಿ ಬಾಯಿಯ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ ಬಾವನ ಕಡೆ ತಿರುಗಿದ.

‘ಎಂತ ಬಾವ, ನಮ್ ಅಡಿ ನೀವ್ ಬರ್ಸಿ ಕೊಡುದಾ? ನಂಗ್ ಗೊತ್ತೇ ಇಲ್ಲೆ ಕಾಣಿ!’

ಅವನು ಸಿಟ್ಟಿನಲ್ಲಿ ಹೇಳಲಿಲ್ಲ, ನಗುತ್ತಾ ಹೇಳಿದ. ಬೀಗರೂ ನಕ್ಕರು. ಗುಣಪಾಲ ಶೆಟ್ಟಿಯ ಮುಖ ಬೂದಿಯಾಯಿತು. ಆ ಮನೆಯಲ್ಲಿ ಅವನಿಗೆ ಒಂದು ಹಿಡಿ ಮಣ್ಣು ಕೊಡುವ ಅಧಿಕಾರವೂ ಇಲ್ಲ ಅನ್ನುವುದು ಹೊಸ ಬೀಗರ ಎದುರು ಬಯಲಾಗಿತ್ತು. ಆಡಿದ್ದೇನೆ ಅಂದರೂ ಮಾನ ಹೋಗುತ್ತದೆ, ಆಡಿಲ್ಲ ಅಂದರೂ ಹೋಗುತ್ತದೆ. ಮೂರನೆಯ ದಾರಿ ಅವನ ಕಣ್ಣೆದುರೇ ನಿಂತಿತ್ತು, ಮೂರ್ತೆ ಮಾಡಿದ ಜಾತಿಯವನು.

‘ಕುಡ್ಕಂಡ್ ಬಂದಿದ್ದ ಇವ’ ಅಂದ. ‘ಬಾಯಿಗ್ ಬಂದದ್ ಮಾತಾಡ್ತಾ. ಕರ್ಕಂಡ್ ಹೋಯ್ನಿ.’

‘ಮಜ್ಗಿ ಒಡೇರೆ, ಮಜ್ಗಿ ಕುಡ್ದದ್’ ಅಂದರು ಮಾವ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಕಳ್ಳು ಅನ್ನುತ್ತಾರೆ ಎಂಬ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ನಮ್ಮ ಮಾವನ ಹಾಗಿನ ಒಬ್ಬರನ್ನು ನೋಡಿಯೇ ಕಟ್ಟಿರಬೇಕು. ನೂರಾರು ಜನ ಇದ್ದರು. ಗುರುವ ಕುಡಿಯುವವನಲ್ಲ ಎಂದು ಅರ್ಧ ಜನಕ್ಕಾದರೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಹೊಡೆದು ಕೂತಿದ್ದ ಪೋಲೀಸಿನವನೊಬ್ಬ, ತಿಂದ ಋಣ ತೀರಿಸುವ ಹಾಗೆ ಎದ್ದು ಬಂದು ಮಾವನ ರಟ್ಟೆ ಹಿಡಿದ. ನಾನು ನುಗ್ಗಿ ಹೋಗಿ ‘ನಮ್ ಮಾವಯ್ಯ ಕುಡಿತಿಲ್ಲೆ’ ಎಂದು ಕಿರುಚಿದೆ. ಗುಲಾಬಿ ಯಾರಿಗೋ ಕಣ್ಣು ಮಾಡಿದಳು, ನನ್ನನ್ನು ಹಿಂದಕ್ಕೆ ದೂಡಿದರು. ವಾದ್ಯದವರಿಗೆ ಜೋರಾಗಿ ಊದಲು ಹೇಳಿದರು.

ಆಮೇಲೆ ನಮ್ಮ ಮನೆ ಹುಡುಕಿದರು. ಮಾಡಿನ ಅಡಿ ತೂಗಿದ್ದ ಒಣ ಬುರುಡೆ, ತುಕ್ಕು ಹಿಡಿದ ಕತ್ತಿ ಸಿಕ್ಕಿತು. ಅಷ್ಟು ಸಾಕಾಯಿತು. ಬೀಗರೂಟ ಮುಗಿದು ಮದುಮಕ್ಕಳು ಬೊಂಬಾಯಿಗೆ ಹೊರಡುವ ತನಕ ಮಾವ ಠಾಣೆಯಲ್ಲಿದ್ದರು. ಬಂದಾಗ ಒಂದು ಕಡೆಯ ಪಕ್ಕೆ ಹಿಡಿದುಕೊಂಡು ನಡೆಯುತ್ತಿದ್ದರು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದಳು.

ಭೋಜರಾಜ ಊರು ಬಿಡುವ ಮೊದಲು ಗಣಪನ ಕೈಯಲ್ಲಿ ಹೇಳಿಕಳಿಸಿದ. ಕಳ್ಳಬಟ್ಟಿಯ ಮನೆ ತನ್ನ ಅಡಿಯಲ್ಲಿ ಬೇಡ, ಮಳೆ ಹಿಡಿಯುವ ಮೊದಲು ಏಳಬೇಕು. ಹೀಗೆ ಅಮ್ಮ, ನಾನು, ಮಕ್ಕಳು ಮಡಕೆ ಚಾಪೆ ಹೊತ್ತು ಸುಗುಣತ್ತೆಯ ತಾಯಿಮನೆಗೆ ಹೋದೆವು. ಸುಗುಣತ್ತೆ ಒಳ್ಳೆಯವಳು, ಹಿಂದಿನ ಇಳಿಮಾಡು ಬಿಟ್ಟುಕೊಟ್ಟಳು. ಆದರೆ ಅದು ಅವಳ ಅಣ್ಣನ ಯಜಮಾನಿಕೆಯ ಮನೆ. ನನ್ನ ಮಗು ಎರಡನೆಯ ಸಲ ಅನ್ನ ಕೇಳಿದರೆ ಅಮ್ಮ ಅದರ ತೊಡೆ ಚಿವುಟುತ್ತಿದ್ದಳು. ನಾನು ಗಂಡನ ಮನೆಗೆ ಹೋಗಬಹುದಿತ್ತು. ಅಮ್ಮನನ್ನು ಎಲ್ಲಿ ಬಿಡಲಿ? ಮಾವ ಹೆಂಡತಿಮನೆಯಲ್ಲಿ ಉಣ್ಣುವ ಗಂಡನಾಗಿ ಕೂತರು. ಗುಣಪಾಲ ಶೆಟ್ಟಿಗೂ ಅವರಿಗೂ ಈಗ ವ್ಯತ್ಯಾಸ ಏನೂ ಉಳಿದಿರಲಿಲ್ಲ, ಆರಾಮ ಕುರ್ಚಿ ಒಂದು ಬಿಟ್ಟು. ಆ ಶೆಟ್ಟಿಯ ಸಂಕಟವೂ ನನಗೆ ಆಗ ಅರ್ಥವಾಯಿತು. ಅರ್ಥವಾಯಿತು ಎಂದು ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಮಳೆ ಇನ್ನೇನು ಹಿಡಿಯಬೇಕು ಅನ್ನುವಾಗ ಗಣಪ ಮತ್ತೆ ಬಂದ. ಗಿಡಗಳ ಗರಿ ಹಳದಿಯಾಗುತ್ತಿದೆ, ಗುರುವ ಒಮ್ಮೆ ಬಂದು ನೋಡಲಿ ಎಂದು ಗುಲಾಬಿ ಹೇಳಿದ್ದಳಂತೆ. ನಾನು ಒನಕೆ ಹಿಡಿದವಳು ಹಾಗೇ ಎದ್ದೆ. ಮಾವ ನನ್ನ ಮುಖ ನೋಡಲಿಲ್ಲ. ಹಗ್ಗದ ಮೇಲಿದ್ದ ಬೈರಾಸು ತೆಗೆದು ಹೆಗಲಿಗೆ ಹಾಕಿದರು.

‘ಮಾವಯ್ಯ, ನೀವ್ ಹೋಪುದಾ? ಆ ಮನಿಗಾ?’

‘ಗಿಡ ಎಂತ ತಪ್ಪ್ ಮಾಡಿತ್ ತುಂಗಾ?’

‘ನಾವ್ ಎಂತ ತಪ್ಪ್ ಮಾಡಿತ್?’ ಅಂದೆ.

ಮಾವ ಪಕ್ಕೆ ಹಿಡಿದುಕೊಂಡು ಗಣಪನ ಹಿಂದೆ ಹೋದರು. ಆಮೇಲೆ ಆಗಾಗ ಹೋಗುತ್ತಲೇ ಇದ್ದರು. ಕುಡುಕನನ್ನು ಒಳಗೆ ಸೇರಿಸಬಾರದು ಎಂದು ಭೋಜರಾಜ ಕಟ್ಟು ಮಾಡಿ ಹೋಗಿದ್ದ. ಅದಕ್ಕೆ ಆಳುಗಳು ಚಟ್ಟಿಗಳನ್ನು ಎತ್ತಿ ಅಂಗಳದ ತುದಿಗೆ ತಂದಿಡುತ್ತಿದ್ದರು. ಮಾವ ಅಲ್ಲಿ ಮಳೆಯಲ್ಲಿ ಕೂತು ಮಣ್ಣು ಬದಲಿಸಿ, ಕೊಳೆತ ಗರಿ ಕೊಯ್ದು, ಗಿಡ ಒಳಗೆ ಹೋದ ಮೇಲೆ ತಾವು ಹೊರಡುತ್ತಿದ್ದರು. ಕೊಟ್ಟದ್ದು ಏನು ಎಂದು ನಾನು ಕೇಳಿದೆ. ಮಧ್ಯಾಹ್ನ ಗಂಜಿ ಕೊಡುತ್ತಾರೆ ಅಂದರು. ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಆದರೂ ಮಾಡಿದೆ. ವಾರಗಟ್ಟಲೆ ಮಾತು ಬಿಟ್ಟೆ.

ಮಳೆ ಜಡಿಯುವ ಆಟಿ ತಿಂಗಳಲ್ಲಿ ಮಾವನಿಗೆ ಜ್ವರ ಹಿಡಿಯಿತು. ಮೊದಲೇ ಜರ್ಜರಿತವಾಗಿದ್ದ ಪಕ್ಕೆಯೊಳಗೆ ಕೆಮ್ಮು ಕೂತಿತು. ಕಷಾಯ ಕುಡಿಸಿದೆವು, ಬೈಂದೂರಿನ ಪಂಡಿತರ ಮಾತ್ರೆ ತಂದೆವು. ಬೇರೆಯವರ ಇಳಿಮಾಡಿನಲ್ಲಿ, ಬೇರೆಯವರ ಚಾಪೆಯ ಮೇಲೆ ಮಾವ ಹೋದರು. ತಂಗಿಯ ಕೈ ಹಿಡಿದು ಏನೋ ಹೇಳಲು ನೋಡಿದರು. ಏನು ಹೇಳಲಿಕ್ಕಿತ್ತು ಎಂದು ನನಗೆ ಗೊತ್ತು, ಅಮ್ಮನಿಗೂ ಗೊತ್ತು.

ಸುಟ್ಟು ಬಂದ ಮರುದಿನ ಬಾನು ಹರಿದು ಬೀಳುವ ಮಳೆ. ಅಂಗಳದ ಆಚೆ ತಲೆ ಬೆನ್ನಿಗೆ ಓಲೆಯ ಗೊರಬು ಮುಚ್ಚಿಕೊಂಡು ಯಾರೋ ಬಗ್ಗಿ ಬರುವುದು ಕಂಡಿತು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ‘ಮೇಲ್ಮನಿ ಗಣಪ! ಅಣ್ಣಯ್ಯ ಹೋದ್ ಸುದ್ದಿ ಅವ್ರಿಗೂ ಮುಟ್ಟಿತ್ ಕಾಣ್’ ಅಂದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ತರಹದ ಬೆಳಕು ಬಂತು. ಕಡೆಗಾದರೂ ಆಳು ಕಳಿಸಿ ಕೇಳಿದರಲ್ಲ ಎಂದು. ಎದ್ದು ಹೋಗಿ ಜಗಲಿಯಲ್ಲಿ ಚಾಪೆ ಹಾಸಿ, ನೀರು ತರಲು ಒಳಗೆ ಹೋದಳು.

ಗಣಪ ಜಗಲಿ ಹತ್ತಲಿಲ್ಲ. ಮಾಡಿನ ಅಂಚಲ್ಲಿ ನಿಂತು, ಗೊರಬಿನ ಒಳಗಿಂದಲೇ ನೆಲ ನೋಡುತ್ತಾ ಹೇಳಿದ.

‘ತುಂಗಕ್ಕ, ಗುಲಾಬಿ ಅಮ್ಮ ಕೇಂಡ್ಕಬಾ ಅಂದ್ರ್. ಮಳಿಗಾಲ್ದಗೆ ಆ ಗಿಡಕ್ಕೆ ನೀರ್ ಹೊಯ್ಕಾ ಬ್ಯಾಡ್ದಾ ಅಂದ್. ಗುರುವ ನಿಮ್ಗೆ ಯಾರಿಗಾರೂ ಹೇಳಿದ್ನಾ?’

ನನಗೆ ಮೊದಲು ಕೇಳಿಸಿದ್ದು ನಂಬಿಕೆಯಾಗಲಿಲ್ಲ. ಆಮೇಲೆ ಕಾಲಿಂದ ತಲೆಯ ತನಕ ಉರಿ ಹತ್ತಿತು. ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ದಿನಾ ಎರಡು ಕೊಡ ಹೊಯ್ಯಿರಿ ಅಂದಿದ್ದರೆ ಸಾಕಿತ್ತು, ಮಳೆಗಾಲ ಮುಗಿಯುವುದರೊಳಗೆ ಮೂರೂ ಬುಡದಿಂದ ಕೊಳೆತು ಹೋಗುತ್ತಿದ್ದವು. ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಬಾಯಿ ತೆರೆದೆ.

‘ಬ್ಯಾಡ’ ಅಂದೆ. ‘ಮಳಿಗಾಲ್ದಗೆ ಚಟ್ಟಿ ಮಣ್ಣ್ ತಾನಾಗೇ ಒದ್ದಿ ಇರತ್ತ್. ಗೋಡಿಯಿಂದ ಸ್ವಲ್ಪ ಈಚಿ ಇಡಿ, ಗಾಳಿ ಆಡ್ಲಿ.’

ಊಟದ ಹೊತ್ತಲ್ಲಿ ಮಾವ ಹೇಳಿ ಹೇಳಿ ನನ್ನ ಕಿವಿಗೆ ಬಿದ್ದಿದ್ದ ಮಾತು ಬಾಯಿಗೆ ಹಾಗೆಯೇ ಬಂದುಬಿಟ್ಟಿತು. ಹೇಳಿದ ಕ್ಷಣದಿಂದ ಈವರೆಗೂ ಅದೇ ನನ್ನನ್ನು ಸುಡುವುದು. ಆ ಮನೆಯ ಮೇಲೆ ನನಗಿದ್ದದ್ದು ಒಂದೇ ಒಂದು ಕತ್ತಿ, ಅದನ್ನೂ ನನ್ನ ಮಾವ ಸತ್ತ ಮೇಲೂ ನನ್ನ ಕೈಯಿಂದ ಕಸಿದುಕೊಂಡರು.

ಗಣಪ ಸಮಾಧಾನದಿಂದ ತಲೆಯಾಡಿಸಿ ಮಳೆಯಲ್ಲಿ ಹೊರಟು ಹೋದ. ಅಮ್ಮ ಚೆಂಬು ನೀರು, ಬೆಲ್ಲದ ತುಂಡು ಹಿಡಿದುಕೊಂಡು ಹೊರಗೆ ಬಂದಳು. ಖಾಲಿ ಚಾಪೆ ನೋಡಿದಳು, ನನ್ನನ್ನು ನೋಡಿದಳು.

‘ಹೋದ್ನಾ? ಅಣ್ಣಯ್ಯನ ಬಗ್ಗೆ ಎಂತ ಅಂದ?’

‘ಎಂತ ಇಲ್ಲೆ’ ಅಂದೆ.